ಹಡಗಿನ ಬಿಲ್ಲಿಂದ ಟಿಪ್ಸ್ ತೆಗೆಸೋ ಮೊದಲು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರ ವಿಭಾಗದಲ್ಲಿ ಒಬ್ಬರು ಬರೆದಿದ್ರು. ಫ್ಯಾಮಿಲಿ ಜೊತೆ ಕ್ರೂಸ್ ಹೋಗಿದ್ರಂತೆ, ಕೊನೇ ದಿನ ಬಿಲ್ಲು ನೋಡಿದ್ರೆ ತಲೆಗಿಷ್ಟು ಅಂತ ಟಿಪ್ಸ್ ಅವರೇ ಸೇರಿಸಿಬಿಟ್ಟಿದ್ರಂತೆ, ಕೌಂಟರಿಗೆ ಹೋಗಿ ಜೋರು ಮಾಡಿದ ಮೇಲೆ ಮರುಮಾತಾಡದೆ ತೆಗೆದ್ರಂತೆ, ಹೀಗೆ ಸೇರಿಸೋದು ಕಾನೂನಿಗೇ ವಿರುದ್ಧ, ಇದು ಹಗಲುದರೋಡೆ, ಎಲ್ರೂ ಹೀಗೇ ತೆಗೆಸಿ ಅಂತ ಕೊನೆಗೆ ಸಲಹೆ ಬೇರೆ. ಓದಿ ಸುಮ್ನೆ ಇರಕ್ಕೆ ಆಗ್ಲಿಲ್ಲ. ನಾನು ಬ್ಯಾಂಕಲ್ಲಿ ಇದ್ದು ರಿಟೈರ್ ಆದವ, ಊರು ಉಡುಪಿ ಹತ್ರ. ನಮ್ಮ ಕಡೆ ಶಿಪ್ಪಲ್ಲಿ ಕೆಲಸ ಮಾಡೋ ಹುಡುಗರಿಲ್ಲದ ಬೀದಿ ಹುಡುಕ್ಬೇಕು, ನನ್ನ ತಂಗಿ ಮಗನೂ ಅವರಲ್ಲೊಬ್ಬ. ಆಮೇಲೆ ಮಗ ಸೊಸೆ ಒತ್ತಾಯಕ್ಕೆ ಸಿಂಗಾಪುರದಿಂದ ಹೊರಡೋ ದೊಡ್ಡ ಹಡಗಲ್ಲಿ ನಾನೂ ನನ್ನಾಕೆನೂ ಹೋಗಿ ಬಂದಿದ್ದೀವಿ. ಹಾಗಾಗಿ ಬಡಿಸೋರ ಕಡೆಯಿಂದಲೂ ಉಣ್ಣೋರ ಕಡೆಯಿಂದಲೂ ವಿಷಯ ಸ್ವಲ್ಪ ಗೊತ್ತು ಅಂತ ಧೈರ್ಯ ಮಾಡಿ ಬರೀತಿದ್ದೀನಿ, ಉದ್ದ ಆದ್ರೆ ಕತ್ತರಿ ಹಾಕಿ.

ಮೊದಲು ಅವರ ಕಾನೂನಿನ ಮಾತು. 2022ರ ಜುಲೈ 4ಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಒಂದು ಮಾರ್ಗಸೂಚಿ ತಂತು, ಹೋಟೆಲ್ಲು ರೆಸ್ಟೋರೆಂಟಿನವರು ಸರ್ವಿಸ್ ಚಾರ್ಜನ್ನ ತಾವಾಗೇ ಬಿಲ್ಲಿಗೆ ಸೇರಿಸೋ ಹಾಗಿಲ್ಲ ಅಂತ, ಅದನ್ನ 2025ರ ಮಾರ್ಚ್ 28ಕ್ಕೆ ದೆಹಲಿ ಹೈಕೋರ್ಟ್ ಎತ್ತಿಹಿಡೀತು. ಎಲ್ಲಾ ನಿಜ, ಒಳ್ಳೇದೇ ಆಯ್ತು. ಆದ್ರೆ ಅದು ನಮ್ಮ ದೇಶದ ಹೋಟೆಲಿಗೆ. ಬಹಾಮಾಸೋ ಪನಾಮಾವೋ ಯಾವುದೋ ದೇಶದ ಬಾವುಟ ಹಾಕ್ಕೊಂಡು ಸಿಂಗಾಪುರದಿಂದ ಪೆನಾಂಗಿಗೆ ಹೋಗೋ ಹಡಗಿಗೆ ದೆಹಲಿ ಹೈಕೋರ್ಟ್ ತೀರ್ಪು ತೋರಿಸಿದ್ರೆ ಅವರು ನಗ್ತಾರೆ ಅಷ್ಟೇ. ಇನ್ನು ತಮಾಷೆ ಏನಂದ್ರೆ ಅಲ್ಲಿ ಕಾನೂನು ತೋರಿಸೋ ಅಗತ್ಯವೇ ಇಲ್ಲ, ಬಹುಪಾಲು ಕಂಪನಿಗಳು ಅವರ ನಿಯಮದಲ್ಲೇ ಬರೆದಿರ್ತಾರೆ, ಬೇಡ ಅಂದ್ರೆ ಗೆಸ್ಟ್ ಸರ್ವಿಸ್ ಕೌಂಟರಿಗೆ ಬಂದು ಕಮ್ಮಿ ಮಾಡಿಸಿಕೊಳ್ಳಬಹುದು ಇಲ್ಲಾ ತೆಗೆಸಬಹುದು ಅಂತ. ಅಂದ್ರೆ ಅವರು ಜೋರು ಮಾಡಿದ್ದಕ್ಕೆ ತೆಗೆದಿದ್ದಲ್ಲ, ಮೆತ್ತಗೆ ಕೇಳಿದ್ರೂ ತೆಗೀತಿದ್ರು. ತೆಗೆಸಬಹುದಾ ಅನ್ನೋದಲ್ಲ ಪ್ರಶ್ನೆ, ತೆಗೆಸಿದ್ರೆ ಯಾರ ಜೇಬಿಂದ ಹೋಗುತ್ತೆ ಅನ್ನೋದು.

ಈ ದುಡ್ಡು ಎಂತದ್ದು ಅಂತ ಹೋಗದೇ ಇರೋರಿಗೆ ಹೇಳ್ಬಿಡ್ತೀನಿ. ದೊಡ್ಡ ಅಮೇರಿಕನ್ ಕಂಪನಿಗಳ ಹಡಗಲ್ಲಿ ಸಾಮಾನ್ಯ ರೂಮಿಗೆ ಒಬ್ಬರಿಗೆ ಒಂದು ದಿನಕ್ಕೆ ಹೆಚ್ಚೂಕಮ್ಮಿ 16ರಿಂದ 20 ಡಾಲರ್, ಸೂಟ್ ತಗೊಂಡೋರಿಗೆ ಇನ್ನೂ ಜಾಸ್ತಿ. ಸಿಂಗಾಪುರದಿಂದಲೇ ನಡೆಸೋ ಕಂಪನಿಗಳು ಸಿಂಗಾಪುರ ಡಾಲರಲ್ಲಿ ಹಾಕ್ತಾರೆ. ಮಕ್ಕಳಿಗೂ ಉಂಟು, ತೀರಾ ಸಣ್ಣ ಕೂಸಿಗೆ ಮಾತ್ರ ಕೆಲವು ಕಡೆ ಬಿಡ್ತಾರೆ. ಗಂಡ ಹೆಂಡ್ತಿ ಎರಡು ಮಕ್ಕಳು, 7 ರಾತ್ರಿ, ದಿನಕ್ಕೆ 18 ಡಾಲರ್ ಅಂತ ಇಟ್ಕೊಳ್ಳಿ, 504 ಡಾಲರ್ ಆಯ್ತು, ಡಾಲರಿಗೆ 85 ರೂಪಾಯಿ ಅಂತ ಹಿಡಿದ್ರೂ ನಲವತ್ತೆರಡು ಸಾವಿರದ ಮೇಲೆ. ಸಣ್ಣ ಮೊತ್ತ ಅಲ್ಲ ಮಾರಾಯ್ರೆ, ಮುಂಚೆ ಯಾರೂ ಹೇಳದೆ ಕೊನೇ ದಿನ ಟಿವಿಯಲ್ಲಿ ಬಿಲ್ ಓಪನ್ ಮಾಡಿದಾಗ ಕಂಡ್ರೆ ಯಾರಿಗಾದ್ರೂ ಪಿತ್ತ ನೆತ್ತಿಗೇರುತ್ತೆ, ಅವರಿಗೆ ಸಿಟ್ಟು ಬಂದಿದ್ದು ತಪ್ಪು ಅಂತ ನಾನು ಹೇಳೋದೇ ಇಲ್ಲ. ಸಿಟ್ಟು ಹೋಗಿ ಬಿದ್ದ ಜಾಗ ಸರಿ ಇಲ್ಲ ಅಂತ ಅಷ್ಟೇ.

ಹಿಂದೆಲ್ಲ ಹೀಗಿರ್ಲಿಲ್ಲ. ಕೊನೇ ರಾತ್ರಿ ರೂಮಿಗೆ ಖಾಲಿ ಕವರುಗಳನ್ನ ಇಟ್ಟು ಹೋಗ್ತಿದ್ರು, ರೂಮು ನೋಡ್ಕೊಂಡವನಿಗೆ ಒಂದು, ವೇಟರಿಗೆ ಒಂದು, ಅಸಿಸ್ಟೆಂಟ್ ವೇಟರಿಗೆ ಒಂದು, ಹೆಡ್ ವೇಟರಿಗೆ ಒಂದು ಅಂತ, ಜನ ಅದರಲ್ಲಿ ನೋಟು ಹಾಕಿ ಕೈಗೆ ಕೊಡ್ತಿದ್ರು. ಆಮೇಲೆ ಒಬ್ಬೊಬ್ಬರೇ ಕಂಪನಿಯವರು ದಿನದ ಲೆಕ್ಕದಲ್ಲಿ ಬಿಲ್ಲಿಗೇ ಸೇರಿಸೋ ಪದ್ಧತಿ ತಂದ್ರು. ಇದಕ್ಕೆ ಕಾರಣಗಳು ಹಲವು. ಈಗಿನ ಹಡಗಲ್ಲಿ ಒಂದೇ ಟೇಬಲ್ಲು ಒಬ್ಬನೇ ವೇಟರು ಅಂತ ಇಲ್ಲ, ಇವತ್ತು ಬಫೆ ನಾಳೆ ಡೈನಿಂಗ್ ರೂಮು ನಾಡಿದ್ದು ಇನ್ನೆಲ್ಲೋ, ಯಾರಿಗೆ ಅಂತ ಕವರ್ ಕೊಡ್ತೀರಿ. ಮತ್ತೆ ಕವರ್ ಕೊಡದೆ ಕೊನೇ ರಾತ್ರಿ ಊಟಕ್ಕೇ ಬರದೆ ತಪ್ಪಿಸಿಕೊಳ್ಳೋ ಗಿರಾಕಿಗಳೂ ಬೇಕಾದಷ್ಟು ಇದ್ರಂತೆ, ಅದು ಎಲ್ಲಾ ದೇಶದೋರೂ, ನಮ್ಮವರು ಮಾತ್ರ ಅಲ್ಲ.

ಈಗ ನನ್ನ ಅಳಿಯ, ಅಂದ್ರೆ ಆ ತಂಗಿ ಮಗನ ವಿಷಯ. ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಮಂಗಳೂರಲ್ಲಿ ಒಂದು ಹೋಟೆಲಲ್ಲಿದ್ದ, ಶಿಪ್ಪಿಗೆ ಹೋಗ್ತೀನಿ ಅಂತ ಹಠ. ಶಿಪ್ಪು ಅಂದ್ರೆ ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ, ಸೇಫ್ಟಿ ಟ್ರೈನಿಂಗ್ ಮಾಡ್ಬೇಕು, ಬೆಂಕಿ ಆರಿಸೋದು, ನೀರಿಗೆ ಹಾರೋದು, ಲೈಫ್ ರಾಫ್ಟ್ ಹತ್ತೋದು ಎಲ್ಲಾ, ಆಮೇಲೆ ಮೆಡಿಕಲ್ಲು, ಸಿಡಿಸಿ ಅಂತ ನಾವಿಕರ ಸರ್ಕಾರಿ ದಾಖಲೆ ಪುಸ್ತಕ, ಅಮೇರಿಕಕ್ಕೆ ಹೋಗೋ ಹಡಗಾದ್ರೆ ಅಲ್ಲಿನ ಕ್ರೂ ವೀಸಾ. ಕೆಲಸ ಕೊಡಿಸಕ್ಕೆ ಅಂತ ಹುಡುಗರ ಹತ್ರ ದುಡ್ಡು ಕೀಳಬಾರದು ಅಂತ ಅಂತಾರಾಷ್ಟ್ರೀಯ ಒಪ್ಪಂದದಲ್ಲೇ ಉಂಟು, ಆದ್ರೂ ಕೀಳೋ ಏಜೆಂಟರಿದ್ದಾರೆ, ಅದು ಬೇರೆಯೇ ಒಂದು ಪತ್ರಕ್ಕಾಗೋ ಕಥೆ. ಇವನು ಶುರು ಮಾಡಿದ್ದು ವೇಟರ್ ಆಗಿ ಅಲ್ಲ, ಗ್ಯಾಲಿ ಯುಟಿಲಿಟಿ ಅಂತ. ಅಡಿಗೆಮನೆ ಒಳಗೆ ಪಾತ್ರೆ ತೊಳೆಯೋದು, ನೆಲ ಉಜ್ಜೋದು, ಕಸ ವಿಂಗಡಿಸೋದು. ಸಮುದ್ರದ ಮಧ್ಯೆ ಇದ್ರೂ ಸಮುದ್ರ ಕಾಣ್ತಿದ್ದದ್ದು ಬ್ರೇಕಿನಲ್ಲಿ ಮೇಲೆ ಹೋದ್ರೆ ಮಾತ್ರ. ಒಂದೊಂದು ಕಾಂಟ್ರಾಕ್ಟು ಏಳೆಂಟು ತಿಂಗಳು, ಅದರಲ್ಲಿ ಭಾನುವಾರ ಇಲ್ಲ ಹಬ್ಬ ಇಲ್ಲ, ಪೂರ್ತಿ ರಜೆ ಅನ್ನೋ ದಿನವೇ ಇಲ್ಲ, ಶಿಫ್ಟಿನ ಮಧ್ಯೆ ಗಂಟೆಗಳ ವಿರಾಮ ಅಷ್ಟೇ. ಕಾಂಟ್ರಾಕ್ಟು ಮುಗಿದು ಊರಿಗೆ ಬಂದ್ರೆ ಮುಂದಿನದ್ದಕ್ಕೆ ಹೋಗೋವರೆಗಿನ ಎರಡು ತಿಂಗಳಿಗೆ ಬಹಳ ಕಡೆ ಸಂಬಳವೂ ಇಲ್ಲ.

ಹೊರಗಿನೋರಿಗೆ ಗೊತ್ತಿರಲ್ಲ, ಹಡಗಿನ ಕೆಲಸಗಾರರಿಗೂ ಒಂದು ಕಾನೂನು ಉಂಟು, ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್ ಅಂತ, 2006ರದ್ದು, ಜಾರಿಗೆ ಬಂದಿದ್ದು 2013ರ ಆಗಸ್ಟಲ್ಲಿ, ನಮ್ಮ ದೇಶ ಒಪ್ಪಿದ್ದು 2015ರಲ್ಲಿ. ಅದರ ಪ್ರಕಾರ ಯಾವ 24 ಗಂಟೆ ತಗೊಂಡ್ರೂ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡ್ಬೇಕು, 7 ದಿನಕ್ಕೆ 77 ಗಂಟೆ. ಇದನ್ನ ತಿರುಗಿಸಿ ನೋಡಿ, ಒಂದೊಂದು ದಿನ 14 ಗಂಟೆವರೆಗೂ, ವಾರಕ್ಕೆ 91 ಗಂಟೆವರೆಗೂ ದುಡಿಸ್ಕೊಂಡ್ರೂ ಕಾನೂನಿಗೆ ತೊಂದ್ರೆ ಇಲ್ಲ ಅಂತಾಯ್ತು. ನಮ್ಮ ಬ್ಯಾಂಕಲ್ಲಿ ಕ್ಲೋಸಿಂಗ್ ದಿನ ರಾತ್ರಿ ಒಂಬತ್ತಾದ್ರೆ ಯೂನಿಯನ್ನಿನೋರು ಬಾಗಿಲಲ್ಲಿ ನಿಂತಿರ್ತಿದ್ರು, ಇರ್ಲಿ.

ಇನ್ನು ಸಂಬಳ. ಅಮೇರಿಕದಲ್ಲಿ ಟಿಪ್ಸ್ ಬರೋ ಕೆಲಸದವರಿಗೆ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಗಂಟೆಗೆ 2 ಡಾಲರ್ 13 ಸೆಂಟ್, 1991ರಿಂದ ಅದು ಅಲ್ಲೇ ನಿಂತಿದೆ, ಉಳಿದದ್ದು ಗಿರಾಕಿ ಕೊಡ್ಲಿ ಅನ್ನೋದು ಅಲ್ಲಿನ ಪದ್ಧತಿ. ಆ ಪದ್ಧತಿಯನ್ನೇ ಹಡಗಿಗೂ ತಂದ್ರು, ಹಡಗನ್ನ ಮಾತ್ರ ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾ ಅಂತ ರಿಜಿಸ್ಟರ್ ಮಾಡಿಸಿದ್ರು, ಆಫೀಸು ಮಯಾಮಿಯಲ್ಲಿದ್ರೂ ಅಮೇರಿಕದ ಕೂಲಿ ಕಾನೂನು ಹಡಗಿಗೆ ತಾಗಲ್ಲ. ಕೆಲಸಕ್ಕೆ ಫಿಲಿಪೈನ್ಸ್, ಇಂಡೋನೇಷ್ಯಾ, ನಮ್ಮ ದೇಶ ಇಲ್ಲಿಂದೆಲ್ಲ ಹುಡುಗರು. ಹಾಗಾಗಿ ರೂಮಿನೋರು, ವೇಟರುಗಳು ಇವರ ಬೇಸಿಕ್ ಕಮ್ಮಿ ಇರುತ್ತೆ, ತಿಂಗಳಿಗೆ ಇಷ್ಟು ಬರುತ್ತೆ ಅಂತ ಹುಡುಗನಿಗೆ ಏಜೆನ್ಸಿಯವರು ಹೇಳೋ ಮೊತ್ತದಲ್ಲಿ ದೊಡ್ಡ ಪಾಲು ಈ ಟಿಪ್ಸ್‌ದೇ, ಹಡಗಿನೋರು ಇದಕ್ಕೆ ಗ್ರಾಚುಯಿಟಿ ಅಂತಾರೆ, ರಿಟೈರ್ ಆದಾಗ ಬರೋ ಗ್ರಾಚುಯಿಟಿ ಅಲ್ಲ. ನಾವು ಖುಷಿಯಾಗಿ ಮೇಲೆ ಕೊಡೋ ಕಾಸು ಅಂತ ಅಂದ್ಕೊಂಡಿದ್ದೀವಲ್ಲ, ಅದು ಅವನ ಮನೆ ಸಾಲದ ಕಂತು.

ಅಳಿಯನನ್ನ ಕೇಳಿದ್ದೆ, ಅಲ್ಲ ಮಾರಾಯ, ಬಿಲ್ಲಿಂದ ತೆಗೆಸಿ ಅದೇ ದುಡ್ಡು ಕೈಗೆ ಕೊಟ್ರೆ ನಿಮಗೇ ಒಳ್ಳೇದಲ್ವಾ, ಕಂಪನಿಗೆ ಯಾಕೆ ಹೋಗ್ಬೇಕು ಅಂತ. ಅವನು ಹೇಳಿದ, “ಮಾವ, ನೀವು ಕೈಗೆ ಕೊಡೋದು ನಿಮಗೆ ಕಂಡವನಿಗೆ. ನಾನು ತಟ್ಟೆ ತೊಳೀತಿದ್ದಾಗ ನನ್ನನ್ನ ಯಾರು ನೋಡಿದ್ರು?” ಬಿಲ್ಲಿಂದ ಬರೋ ಟಿಪ್ಸನ್ನ ಒಟ್ಟಿಗೆ ಸೇರಿಸಿ ಹಂಚ್ತಾರೆ, ಅದಕ್ಕೆ ಪೂಲ್ ಅಂತಾರೆ, ಆ ಪೂಲಿನ ದುಡ್ಡಲ್ಲಿ ಕಂಪನಿ ಕಂಪನಿಗೆ ವ್ಯತ್ಯಾಸ ಇದ್ರೂ ಲಾಂಡ್ರಿಯವನು, ಗ್ಯಾಲಿಯವನು, ಬಫೆ ಟೇಬಲ್ ಒರೆಸೋನು ಅಂತ ಹಿಂದೆ ಇರೋರಿಗೂ ಪಾಲು ಉಂಟು. ಐಕಾನ್ ಆಫ್ ದ ಸೀಸ್ ಅಂತ 2024ರ ಜನವರಿಯಲ್ಲಿ ಓಡಾಟ ಶುರು ಮಾಡಿದ ದೊಡ್ಡ ಹಡಗಲ್ಲಿ ಸಿಬ್ಬಂದಿಯೇ 2,350 ಜನ. ಒಂದು ವಾರದಲ್ಲಿ ನಮ್ಮ ಜೊತೆ ಮಾತಾಡೋರು ಎಷ್ಟು ಜನ, ಹೆಚ್ಚಂದ್ರೆ ಒಂದು ಡಜನ್. ಮತ್ತೆ ಕೆಲವು ಕಂಪನಿಗಳಲ್ಲಿ ಇನ್ನೊಂದು ನಿಯಮ ಉಂಟು, ಬಿಲ್ಲಿಂದ ಟಿಪ್ಸ್ ತೆಗೆಸಿದ ಪ್ಯಾಸೆಂಜರ್ ಕೈಗೆ ನೋಟು ಕೊಟ್ರೆ ಆ ನೋಟನ್ನ ಹುಡುಗ ಪೂಲಿಗೆ ಒಪ್ಪಿಸ್ಬೇಕು. ಬಿಲ್ಲಿನದ್ದು ಇದ್ದು ಮೇಲಿಂದ ಕೊಟ್ಟದ್ದಾದ್ರೆ ಅವನೇ ಇಟ್ಕೊಳ್ಳಬಹುದು. ತೆಗೆಸಿ ಕೈಗೆ ಕೊಟ್ಟೆ ಅಂತ ಬೆನ್ನು ತಟ್ಕೊಳ್ಳೋರು ಇದನ್ನ ತಿಳ್ಕೊಂಡ್ರೆ ಒಳ್ಳೇದು.

ಪೂಲಿನ ದುಡ್ಡು ಪೂರ್ತಿ ಹುಡುಗರಿಗೇ ಹೋಗುತ್ತಾ ಅಂತ ಸಂಶಯ ಪಡೋರಿಗೆ ನನ್ನ ಹತ್ರ ದೊಡ್ಡ ಉತ್ತರ ಇಲ್ಲ, ಯಾವ ಕೆಲಸದವನಿಗೆ ಎಷ್ಟು ಅಂತ ಕಂಪನಿಗಳು ನಮ್ಮೆದುರು ಲೆಡ್ಜರ್ ಬಿಚ್ಚಿಡಲ್ಲ. ಕೇಳ್ಬೇಕು, ಕಂಪನಿಗೆ ಮೇಲ್ ಹಾಕಿ ಕೇಳಿ. ಆದ್ರೆ ಕೌಂಟರಲ್ಲಿ ತೆಗೆಸಿದ್ರೆ ಕಂಪನಿಗೆ ಬಿಸಿ ಮುಟ್ಟುತ್ತೆ ಅಂದ್ಕೊಂಡ್ರೆ ಅದು ಸುಳ್ಳು, ಅವರ ಟಿಕೆಟ್ ದುಡ್ಡು ಹಡಗು ಹೊರಡೋ ಮೊದಲೇ ಬಂದಾಗಿದೆ.

ನಾವು ಹೋದಾಗ ನೋಡಿದ್ದು ಒಂದು ಹೇಳ್ತೀನಿ. ಕೊನೇ ದಿನ ಸಂಜೆ ಗೆಸ್ಟ್ ಸರ್ವಿಸ್ ಮುಂದೆ ರೇಷನ್ ಅಂಗಡಿ ಥರ ಕ್ಯೂ, ಮುಕ್ಕಾಲು ಪಾಲು ನಮ್ಮವರೇ, ಕನ್ನಡ, ಗುಜರಾತಿ, ತೆಲುಗು ಎಲ್ಲಾ ಕೇಳಿಸ್ತಿತ್ತು. ಒಂದು ದೊಡ್ಡ ಗ್ರೂಪಿನ ಟೂರ್ ಮ್ಯಾನೇಜರ್ ವಾಟ್ಸಾಪಲ್ಲಿ ಮೆಸೇಜ್ ಹಾಕಿದ್ನಂತೆ, ಎಲ್ಲರೂ ಊಟಕ್ಕೆ ಮುಂಚೆ ಹೋಗಿ ರಿಮೂವ್ ಮಾಡಿಸ್ಕೊಳ್ಳಿ, ಕಾರಣ ಕೇಳಿದ್ರೆ ಏನೂ ಹೇಳ್ಬೇಡಿ ಅಂತ. ನಾನು ಕ್ಯೂನಲ್ಲಿ ನಿಂತದ್ದು ಕಾರ್ಡ್ ಕೆಲಸ ಮಾಡ್ತಿಲ್ಲ ಅಂತ. ನನ್ನ ಮುಂದಿದ್ದವರು ಐವತ್ತರ ಆಸುಪಾಸಿನ ಗೃಹಸ್ಥರು, ಕೈಯಲ್ಲಿ ಹಡಗಿನದ್ದೇ ಡ್ಯೂಟಿ ಫ್ರೀ ಅಂಗಡಿಯ ಚೀಲ, ಅದರಲ್ಲಿ ಎರಡು ಬಾಟ್ಲಿ. ಕೌಂಟರ್ ಹುಡುಗಿ ಕೇಳಿದ್ಲು, ಸರ್ ಸರ್ವಿಸಲ್ಲಿ ಏನಾದ್ರೂ ತೊಂದ್ರೆ ಆಯ್ತಾ, ಯಾರ ಮೇಲಾದ್ರೂ ದೂರು ಉಂಟಾ ಅಂತ. “ನೋ ನೋ, ಸರ್ವಿಸ್ ಸೂಪರ್, ಎಕ್ಸಲೆಂಟ್” ಅಂದ್ರು. ಅವಳು ಕೀಬೋರ್ಡಲ್ಲಿ ನಾಲ್ಕು ಸಲ ಒತ್ತಿದ್ಲು, ನಾಲ್ಕು ಜನರದ್ದು ಹೋಯ್ತು, ಥ್ಯಾಂಕ್ಯೂ ಸರ್ ಅಂತ ನಕ್ಕು ಮುಂದಿನವರನ್ನ ಕರೆದ್ಲು. ಆ ಮನುಷ್ಯರದ್ದೇ ಕುಟುಂಬ ಹಿಂದಿನ ರಾತ್ರಿ ಡೈನಿಂಗ್ ರೂಮಲ್ಲಿ ನಮ್ಮ ಪಕ್ಕದ ಟೇಬಲ್ಲು. ಮೆನುವಲ್ಲಿ ಇಲ್ಲದ ಮೊಸರನ್ನ ಬೇಕು ಅಂದ್ರು, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಪಲ್ಯ ಬೇಕು ಅಂದ್ರು, ಅಜ್ಜಿಗೆ ಬಿಸಿನೀರು ಫ್ಲಾಸ್ಕಲ್ಲಿ ಬೇಕು ಅಂದ್ರು, ವೇಟರು ಹುಡುಗ ಪಾಪ ಒಳಗೆ ಹೋಗಿ ಅನ್ನಕ್ಕೆ ಮೊಸರು ಕಲಸಿ, ಮೇಲೆ ದಾಳಿಂಬೆ ಕಾಳು ಬೇರೆ ಉದುರಿಸ್ಕೊಂಡು ತಂದ. ಹೆಸರಿನ ಬ್ಯಾಡ್ಜಲ್ಲಿ ಕೆಳಗೆ ದೇಶದ ಹೆಸರಿರುತ್ತೆ, ಅವನದ್ದು ಇಂಡಿಯಾ. ನನ್ನಾಕೆ ಬಿಡ್ತಾಳಾ, “ಇರೆನ ಊರು ಓಲು?” ಅಂತ ತುಳುವಲ್ಲಿ ಕೇಳೇಬಿಟ್ಲು, ಕಾರ್ಕಳದ ಹತ್ರದವನು!

ಇದರಲ್ಲಿ ಆಶ್ಚರ್ಯ ಇಲ್ಲ. 2020ರ ಫೆಬ್ರವರಿಯಲ್ಲಿ ಜಪಾನಿನ ಯೋಕೋಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗು ಕೊರೊನಾದಿಂದ ನಿಂತುಬಿಡ್ತಲ್ಲ, ನಿಮ್ಮ ಪತ್ರಿಕೇಲೂ ದಿನಾ ಬರ್ತಿತ್ತು. ಅದರಲ್ಲಿದ್ದ ಭಾರತೀಯರು 138 ಜನ, ಅವರಲ್ಲಿ ಪ್ಯಾಸೆಂಜರುಗಳು ಆರೇ ಜನ, ಉಳಿದ 132 ಜನ ಕೆಲಸಗಾರರು. ಪ್ಯಾಸೆಂಜರುಗಳನ್ನ ರೂಮಲ್ಲೇ ಇರಿ ಅಂತ ಕೂರಿಸಿದಾಗ ಬಾಗಿಲಿಗೆ ಊಟ ತಲುಪಿಸ್ತಿದ್ದದ್ದು ಇಂಥ ಹುಡುಗರೇ. ನಮ್ಮಲ್ಲಿ ಕ್ರೂಸ್ ಹೋಗೋ ಜನ ಈಗ ಈಗ ಜಾಸ್ತಿ ಆಗಿದ್ದಾರೆ, ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪ ಅಂತ 2021ರಿಂದ ಕಾರ್ಡೇಲಿಯಾದವರ ಎಂಪ್ರೆಸ್ ಹಡಗು ಓಡ್ತಿದೆ, ಸಿಂಗಾಪುರ ಟೂರಿಗೆ ಮೂರು ರಾತ್ರಿ ಕ್ರೂಸ್ ಸೇರಿಸೋದು ಮಾಮೂಲಾಗಿದೆ. ಆದ್ರೆ ನಮ್ಮೂರಿನೋರು ಹಡಗಿಗೆ ಹೋಗಿದ್ದು ಮೊದಲು ಕೆಲಸಕ್ಕೆ, ಆಮೇಲೆ ಮಜಾಕ್ಕೆ.

ಈಗ ಬರ್ತೀನಿ ನಿಜವಾದ ತಪ್ಪು ಯಾರದ್ದು ಅನ್ನೋದಕ್ಕೆ. ಮೊದಲನೇ ತಪ್ಪು ಕಂಪನಿದು. ದುಡಿಯೋನ ಸಂಬಳವನ್ನ ಟಿಕೆಟ್ಟಲ್ಲಿ ಸೇರಿಸದೆ ಹೊರಗಿಟ್ಟು ಟಿಕೆಟ್ ಅಗ್ಗ ಅಂತ ತೋರಿಸೋದು ಒಳ್ಳೇ ವ್ಯಾಪಾರ ಅಲ್ಲ. ಆಗಲ್ಲ ಅಂತೇನಿಲ್ಲ, ಬ್ರಿಟನ್ನಿನ ಪಿ ಅಂಡ್ ಓ ಕ್ರೂಸಸ್‌ನವರು 2019ರಲ್ಲೇ ದಿನದ ಸರ್ವಿಸ್ ಚಾರ್ಜನ್ನ ತೆಗೆದುಹಾಕಿದ್ರು, ವರ್ಜಿನ್ ವಾಯೇಜಸ್‌ನವರೂ ಶುರುವಿನ ವರ್ಷಗಳಲ್ಲಿ ಟಿಕೆಟ್ಟಲ್ಲೇ ಸೇರಿಸಿದ್ರು, ರೀಜೆಂಟ್, ಸಿಲ್ವರ್‌ಸೀ, ಸೀಬೋರ್ನ್ ಥರದ ದುಬಾರಿ ಹಡಗುಗಳಲ್ಲಿ ಟಿಕೆಟ್ಟಲ್ಲೇ ಸೇರಿರುತ್ತೆ. ಟಿಪ್ಸ್ ಅನ್ನೋ ಮಾತೇ ಎತ್ತಬೇಡಿ ಅಂತಾರೆ ಅಲ್ಲಿ. ಅವರಿಗೆ ಆಗೋದು ಇವರಿಗೂ ಆಗುತ್ತೆ, ಜನ ಟಿಕೆಟ್ ಹೋಲಿಸಿ ನೋಡುವಾಗ ತಮ್ಮದು ಕಮ್ಮಿ ಕಾಣ್ಲಿ ಅನ್ನೋ ಆಸೆಗೆ ಬಿಡ್ತಿಲ್ಲ ಅಷ್ಟೇ.

ಎರಡನೇ ತಪ್ಪು, ನನ್ನ ಲೆಕ್ಕದಲ್ಲಿ ನಮಗೆ ಹತ್ತಿರದ್ದು ಮತ್ತೆ ನಾಳೆಯೇ ಸರಿ ಮಾಡಬಹುದಾದದ್ದು, ನಮ್ಮ ಊರಿನ ಟ್ರಾವೆಲ್ ಏಜೆಂಟರದ್ದು. ಜಾಹೀರಾತಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ರೇಟು, ಪಕ್ಕದಲ್ಲಿ ಸಣ್ಣ ನಕ್ಷತ್ರ. ಆ ನಕ್ಷತ್ರದ ಅರ್ಥ ಪುಟದ ತಳದಲ್ಲಿ, ಭೂತಗನ್ನಡಿ ಬೇಕು, ಅಲ್ಲಿ ಪೋರ್ಟ್ ಚಾರ್ಜು, ಜಿಎಸ್‌ಟಿ, ಟಿಸಿಎಸ್ಸು ಅಂತ ಬುಕಿಂಗಲ್ಲೇ ಹಿಡಿಯೋ ತೆರಿಗೆ, ಗ್ರಾಚುಯಿಟಿ ಎಲ್ಲಾ ಬೇರೆ ಅಂತ ಇರುತ್ತೆ. ಬುಕ್ ಮಾಡುವಾಗ ಕೇಳಿದ್ರೆ ಅಯ್ಯೋ ಅದು ಏನೂ ಇಲ್ಲ ಸರ್, ಹಡಗಲ್ಲಿ ಸ್ವಲ್ಪ ಟಿಪ್ಸ್ ಹಾಕ್ತಾರೆ, ಬೇಡ ಅಂದ್ರೆ ತೆಗೀತಾರೆ ಅಂತ ಹೇಳಿ ಕಳಿಸ್ತಾರೆ. ಅಂದ್ರೆ ಏಜೆಂಟ್ ತನ್ನ ಪ್ಯಾಕೇಜ್ ಅಗ್ಗ ಅಂತ ತೋರಿಸಕ್ಕೆ ಹಡಗಿನ ಹುಡುಗನ ಸಂಬಳದಿಂದ ಡಿಸ್ಕೌಂಟ್ ಕೊಡ್ತಿದ್ದಾನೆ. ಇದು ನನಗೆ ಅತಿ ಕೆಟ್ಟದ್ದು ಅನ್ನಿಸೋದು, ಆ ಪತ್ರ ಬರೆದ ಓದುಗರಿಗಿಂತ ನೂರು ಪಾಲು ಕೆಟ್ಟದ್ದು. ಬಹಳಷ್ಟು ಕಂಪನಿಗಳಲ್ಲಿ ಇದನ್ನ ಮುಂಚೆಯೇ ಕಟ್ಟೋ ವ್ಯವಸ್ಥೆ ಉಂಟು, ಬುಕಿಂಗ್ ಮಾಡುವಾಗಲೇ ಸೇರಿಸಿ ತಗೊಂಡ್ರೆ ಕೊನೇ ದಿನ ಬಿಲ್ಲಲ್ಲಿ ಅದು ಬರೋದೇ ಇಲ್ಲ, ಯಾರಿಗೂ ಮನಸ್ಸು ಕಹಿ ಆಗಲ್ಲ. ಬುಕ್ ಮಾಡುವಾಗ ಏಜೆಂಟಿಗೆ ಎರಡೇ ಮಾತು ಕೇಳಿ, ಗ್ರಾಚುಯಿಟಿ ಒಬ್ಬರಿಗೆ ಒಂದು ರಾತ್ರಿಗೆ ಎಷ್ಟು, ನೀವು ಹೇಳ್ತಿರೋ ರೇಟಲ್ಲಿ ಅದು ಸೇರಿದೆಯಾ. ಬಾಯಲ್ಲಿ ಅಲ್ಲ, ಮೇಲಲ್ಲಿ ಉತ್ತರ ತಗೊಳ್ಳಿ.

2025ರ ಮೇ ತಿಂಗಳಲ್ಲಿ ಟ್ಯಾಕ್ಸಿ ಆ್ಯಪ್‌ಗಳು ಗಾಡಿ ಬರೋ ಮೊದಲೇ ಟಿಪ್ಸ್ ಕೇಳೋದು ಅನೈತಿಕ ಅಂತ ಗ್ರಾಹಕ ವ್ಯವಹಾರಗಳ ಮಂತ್ರಿ, ನಮ್ಮ ಧಾರವಾಡದ ಸಂಸದರೇ ಆದ ಪ್ರಲ್ಹಾದ ಜೋಶಿಯವರು ಹೇಳಿದ್ರು, ನೋಟಿಸೂ ಹೋಯ್ತು. ಒಳ್ಳೇ ಕೆಲಸ. ಇಲ್ಲೇ ಮಾರೋ ಪ್ಯಾಕೇಜಿನ ರೇಟಲ್ಲಿ ಕಡ್ಡಾಯದ ಥರ ಇರೋ ಖರ್ಚನ್ನ ಮುಚ್ಚಿಡೋದರ ಕಡೆಗೂ ಅವರ ಇಲಾಖೆ ಒಂದು ಕಣ್ಣು ಹಾಕ್ಲಿ. ಹಡಗು ವಿದೇಶದ್ದಾಗಿರಬಹುದು, ಏಜೆಂಟ್ ಇಲ್ಲಿಯವನೇ, ದುಡ್ಡು ತಗೊಳ್ಳೋದು ಜಯನಗರದ ಆಫೀಸಲ್ಲೇ.

ಮೂರನೇದಾಗಿ ನಾವು. ಕೊಡೋ ವಿಷಯದಲ್ಲಿ ನಮ್ಮವರು ಜುಗ್ಗರು ಅಂತ ನಾನು ಒಪ್ಪಲ್ಲ, ದೇವಸ್ಥಾನದಲ್ಲಿ, ಮದುವೆಮನೆ ಅಡಿಗೆಯವರಿಗೆ, ಮನೆಕೆಲಸದವಳಿಗೆ ಹಬ್ಬಕ್ಕೆ ಅಂತ ಕೈ ಬಿಚ್ಚಿ ಕೊಡ್ತೀವಿ. ಹೇಳದೆ ಕೇಳದೆ ಬಿಲ್ಲಲ್ಲಿ ಹಾಕಿದ್ರೆ ಮಾತ್ರ ಎದ್ದು ಕೂರ್ತೀವಿ. ಇದೇ ನಮ್ಮ ಪಣಂಬೂರಿನ ಬಂದರಿಗೆ ಮಳೆಗಾಲ ಕಳೆದ ಮೇಲಿನ ಸೀಸನ್ನಲ್ಲಿ ವಿದೇಶದ ಕ್ರೂಸ್ ಹಡಗು ಬರ್ತವಲ್ಲ, ಯಕ್ಷಗಾನದ ವೇಷ ಹಾಕಿದವರನ್ನ ನಿಲ್ಲಿಸಿ ಸ್ವಾಗತ ಮಾಡ್ತಾರೆ, ಅವರು ಟ್ಯಾಕ್ಸಿ ಮಾಡ್ಕೊಂಡು ಮೂಡುಬಿದಿರೆ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಚಾಪೆಲ್ ಅಂತ ಸುತ್ತಿ ಸಂಜೆಗೆ ವಾಪಸ್. ಆ ದಿನ ಡ್ರೈವರುಗಳ ಕೈಗೆ ಐದೋ ಹತ್ತೋ ಡಾಲರ್ ನೋಟು ಬಿದ್ರೆ ನಮಗೆಲ್ಲ ಎಷ್ಟು ಖುಷಿ, ಫಾರಿನ್‌ನವರು ಅಂದ್ರೆ ಹೀಗಿರ್ಬೇಕು ಅಂತೀವಿ.

ಇನ್ನು ಮೇಲಿಂದ ಕೊಡೋ ವಿಷಯ, ಇದನ್ನ ಬಹಳ ಜನ ಕೇಳ್ತಾರೆ. ಬಿಲ್ಲಿನದ್ದನ್ನ ಹಾಗೇ ಬಿಟ್ರೆ ಅಷ್ಟಕ್ಕೇ ಮರ್ಯಾದೆ ಮುಗೀತು, ಮೇಲೆ ಕೊಡ್ಲೇಬೇಕು ಅಂತ ಇಲ್ಲ. ಯಾರಾದ್ರೂ ವಿಶೇಷವಾಗಿ ನೋಡ್ಕೊಂಡ್ರೆ, ವಯಸ್ಸಾದವರಿಗೆ ಗಾಲಿಕುರ್ಚಿ ತಂದುಕೊಟ್ಟಿದ್ದೋ, ಮೊಸರನ್ನ ಕಲಸಿ ತಂದಿದ್ದೋ, ಆಗ ಕೊನೇ ದಿನ ಬೆಳಗ್ಗೆ ಗಡಿಬಿಡಿಗೆ ಕಾಯದೆ ಹಿಂದಿನ ಸಂಜೆಯೇ ನೋಟು ಕೈಗೆ ಕೊಡಿ, ಇಳಿಯೋ ದಿನ ರೂಮಿನ ಹುಡುಗ ಉಸಿರಾಡಕ್ಕೂ ಸಿಗಲ್ಲ, ಬೆಳಗ್ಗೆ ನಾವು ಖಾಲಿ ಮಾಡಿ ಮಧ್ಯಾಹ್ನಕ್ಕೆ ಅದೇ ಹಾಸಿಗೆಗೆ ಇನ್ನೊಬ್ಬರು ಬರ್ತಾರೆ, ಅವನ ಪಾಲಿಗೆ ಅಂಥವು ಹದಿನೈದು ಇಪ್ಪತ್ತು ರೂಮು. ಹಡಗಲ್ಲಿ ನಡೆಯೋ ದುಡ್ಡಲ್ಲೇ ಕೊಡಿ, ಅಮೇರಿಕನ್ ಡಾಲರೋ ಸಿಂಗಾಪುರ ಡಾಲರೋ ಯೂರೋವೋ. ಚಿಲ್ಲರೆ ನಾಣ್ಯ ಬೇಡ, ಬೇರೆ ದೇಶದಲ್ಲಿ ನಾಣ್ಯ ಬದಲಾಯಿಸಕ್ಕೆ ಆಗಲ್ಲ. ಮನೆಯಿಂದ ತಂದ ಚಕ್ಲಿ ಕೋಡುಬಳೆ ಕೊಟ್ರೂ ಊರ ಹುಡುಗರಾದ್ರೆ ಖುಷಿ ಪಡ್ತಾರೆ, ಆದ್ರೆ ಅದನ್ನ ನೋಟಿನ ಬದಲಿಗೆ ಅಂತ ಲೆಕ್ಕ ಹಾಕ್ಬೇಡಿ ಮತ್ತೆ.

ಬಾರಲ್ಲಿ ಒಂದು ಎಚ್ಚರ ಬೇಕು. ಕುಡಿಯೋದಕ್ಕೆ, ಸ್ಪಾಗೆ, ದುಡ್ಡು ಕೊಟ್ಟು ತಿನ್ನೋ ಸ್ಪೆಷಲ್ ರೆಸ್ಟೋರೆಂಟಿಗೆ ದಿನದ ಗ್ರಾಚುಯಿಟಿ ಅಲ್ಲದೆ ಬೇರೆ 18 ಇಲ್ಲಾ 20 ಪರ್ಸೆಂಟ್ ಸೇರಿಸಿರ್ತಾರೆ. ಸಹಿಗೆ ಕೊಡೋ ಚೀಟಿಯಲ್ಲಿ ಕೆಳಗೆ ಇನ್ನೊಂದು ಖಾಲಿ ಗೆರೆ ಇರುತ್ತೆ, ಟಿಪ್ಸ್ ಬರೀರಿ ಅನ್ನೋ ಥರ. ಅಲ್ಲಿ ಏನೂ ಬರೀದೆ ಇದ್ರೆ ಅವಮಾನ ಅಲ್ಲ, ಆಗಲೇ ಕೊಟ್ಟಾಗಿದೆ. ಡ್ರಿಂಕ್ಸ್ ಪ್ಯಾಕೇಜ್ ತಗೊಂಡ್ರೂ ಸಾಮಾನ್ಯವಾಗಿ ಅದರ ಪರ್ಸೆಂಟೇಜ್ ತಗೊಳ್ಳುವಾಗಲೇ ಹಿಡಿದಿರ್ತಾರೆ. ರಾತ್ರಿ ರೂಮಿಗೆ ಊಟ ತರಿಸಿದ್ರೆ ತಂದವನಿಗೆ ಒಂದೆರಡು ಡಾಲರ್ ಕೊಡೋದು ರೂಢಿ. ಕ್ಯಾಪ್ಟನ್ನು, ಆಫೀಸರುಗಳು, ಡಾಕ್ಟರು, ಇವರಿಗೆಲ್ಲ ಕೊಡಕ್ಕೆ ಹೋಗ್ಬೇಡಿ, ಅವರು ಬೇರೆ ಸಂಬಳದೋರು, ಮುಜುಗರ ಆಗುತ್ತೆ. ದಡಕ್ಕೆ ಇಳಿದ ಮೇಲೆ ಆಯಾ ಊರಿನ ಪದ್ಧತಿ, ಅಮೇರಿಕದ ಬಂದರಲ್ಲಿ ಸೂಟ್‌ಕೇಸ್ ಎತ್ತೋರಿಗೆ ಒಂದಕ್ಕೆ ಒಂದೋ ಎರಡೋ ಡಾಲರ್, ಜಪಾನಲ್ಲಿ ಕೊಟ್ರೆ ಓಡಿ ಬಂದು ವಾಪಸ್ ಕೊಡ್ತಾರೆ.

ಸರ್ವಿಸ್ ನಿಜವಾಗ್ಲೂ ಕೆಟ್ಟದಿತ್ತು ಅಂದ್ರೆ? ಅಂಥದ್ದೂ ಆಗುತ್ತೆ, ರೂಮು ಗಲೀಜು, ಕೇಳಿದ್ದಕ್ಕೆ ಉಡಾಫೆ. ಆಗ ಕೊನೇ ದಿನದವರೆಗೆ ಕಾಯಬೇಡಿ, ಎರಡನೇ ದಿನವೇ ಹೋಗಿ ಹೇಳಿ, ಸರಿ ಮಾಡಕ್ಕೆ ಅವರಿಗೆ ಟೈಮ್ ಸಿಗುತ್ತೆ. ಹೇಳಿದ ಮೇಲೂ ಸರಿ ಆಗ್ಲಿಲ್ಲ ಅಂದ್ರೆ ಕಮ್ಮಿ ಮಾಡಿಸಿ, ಆ ಸೌಲಭ್ಯ ಇರೋದೇ ಅದಕ್ಕೆ. ಆಮೇಲೆ ಮನೆಗೆ ಬಂದ ಮೇಲೆ ಮೇಲಲ್ಲಿ ಒಂದು ಸರ್ವೆ ಫಾರ್ಮ್ ಬರುತ್ತೆ, ನಾವು ಡಿಲೀಟ್ ಮಾಡ್ತೀವಿ. ಅಳಿಯ ಹೇಳೋ ಪ್ರಕಾರ ಅದರಲ್ಲಿ ಹುಡುಗನ ಹೆಸರು ಬರೆದು ಎರಡು ಒಳ್ಳೇ ಮಾತು ಹಾಕಿದ್ರೆ ಅದು ಅವನ ಫೈಲಿಗೆ ಹೋಗುತ್ತೆ, ಪ್ರಮೋಷನ್ನಿಗೆ, ಮುಂದಿನ ಕಾಂಟ್ರಾಕ್ಟಿಗೆ ಲೆಕ್ಕಕ್ಕೆ ಬರುತ್ತೆ. ಅವನು ಗ್ಯಾಲಿಯಿಂದ ಡೈನಿಂಗ್ ರೂಮಿಗೆ ಬಂದ ಮೇಲೆ ಅಸಿಸ್ಟೆಂಟ್ ವೇಟರಿಂದ ವೇಟರ್ ಆಗಿದ್ದರಲ್ಲಿ ಇಂಥ ಫಾರ್ಮುಗಳ ಪಾಲೂ ಉಂಟಂತೆ. ಬ್ಯಾಡ್ಜಿನ ಹೆಸರನ್ನ ಫೋನಲ್ಲಿ ಬರೆದಿಟ್ಕೊಳ್ಳಿ, ಆಮೇಲೆ ನೆನಪಿರಲ್ಲ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ ಉಂಟು. ಭಾನುವಾರದ ನಿಮ್ಮ ಪತ್ರಿಕೇಲಿ ಟೂರ್ ಕಂಪನಿಗಳ ಜಾಹೀರಾತು ಅರ್ಧ ಅರ್ಧ ಪುಟ ಬರುತ್ತೆ, ಕ್ರೂಸ್‌ದೂ ಇರುತ್ತೆ. ಆ ನಕ್ಷತ್ರದ ಕೆಳಗಿನ ಅಕ್ಷರ ಮೇಲಿನ ರೇಟಿನ ಕಾಲು ಭಾಗದಷ್ಟಾದ್ರೂ ದೊಡ್ಡದಿರ್ಲಿ, ಗ್ರಾಚುಯಿಟಿ ರೂಪಾಯಿಯಲ್ಲಿ ಎಷ್ಟು ಅಂತ ಅಂಕಿಯಲ್ಲೇ ಇರ್ಲಿ ಅಂತ ನಿಮ್ಮ ಜಾಹೀರಾತು ವಿಭಾಗದೋರು ಅವರಿಗೆ ಹೇಳಬಹುದಲ್ಲ.

ಇಂತಿ ನಿಮ್ಮ ಹಳೇ ಓದುಗ,
ನಿವೃತ್ತ ಬ್ಯಾಂಕ್ ನೌಕರ, ಉಡುಪಿ